ತಿಂಗಳ ಚಂದಾ ಇಲ್ಲದೆ ಹೊಸ ಹಾಡು ಸಿಗುತ್ತಾ?

ಪ್ರಶ್ನೆ: ಮೂರು ತಿಂಗಳ ಹಿಂದೆ ಹಾಡಿನ ಆಪ್‌ಗೆ ಕಟ್ಟುತ್ತಿದ್ದ ಚಂದಾ ನಿಲ್ಲಿಸಿದೆ. ದುಡ್ಡೇನೋ ಉಳಿಯಿತು. ಆದರೆ ಅವತ್ತಿನಿಂದ ಹೊಸದೊಂದು ಹಾಡು ಕಿವಿಗೆ ಬಿದ್ದಿಲ್ಲ. ಫೋನಿನಲ್ಲಿರುವ ನಲವತ್ತು ಹಾಡನ್ನೇ ಮತ್ತೆ ಮತ್ತೆ ಕೇಳುತ್ತಿದ್ದೇನೆ. ಮೊದಲಾದರೆ ಆಪ್ ತಾನೇ ಒಂದಾದ ಮೇಲೊಂದು ಹಾಕುತ್ತಿತ್ತು. ಈಗ ಎಲ್ಲಿ ಅಂತ ಹುಡುಕೋದು?

ಉತ್ತರ: ಆ ಆಪ್ ಹಾಕುತ್ತಿದ್ದುದರಲ್ಲಿ ಹೊಸದು ಎಷ್ಟಿತ್ತು, ಸ್ವಲ್ಪ ನೆನಪು ಮಾಡಿಕೊಳ್ಳಿ. ನೀವು ಹಿಂದೆ ಏನು ಕೇಳಿದ್ದೀರಿ, ಯಾವುದನ್ನು ಅರ್ಧಕ್ಕೇ ಬಿಟ್ಟಿರಿ, ನಿಮ್ಮ ಥರಾನೇ ಕೇಳುವ ಬೇರೆಯವರು ಆಮೇಲೆ ಏನು ಕೇಳಿದರು ಅಂತೆಲ್ಲ ಲೆಕ್ಕ ಹಾಕಿ ಅದು ಮುಂದಿನ ಹಾಡು ಆರಿಸುತ್ತದೆ. ಹಾಗಾಗಿ ಬರುವುದೆಲ್ಲ ನಿಮ್ಮ ಹಳೇ ಹಾಡಿನ ದಾಯಾದಿಗಳೇ. ಕೇಳೋಕೆ ಹಿತವಾಗಿರುತ್ತವೆ, ಆದರೆ ಕೆಲಸ ಬಿಟ್ಟು ಕಿವಿ ನಿಮಿರುವಂಥದ್ದು ಅಪರೂಪ.

ನಾನಾದರೆ ರೇಡಿಯೋದಿಂದ ಶುರು ಮಾಡುತ್ತೇನೆ. ನಗಬೇಡಿ. ರೇಡಿಯೋ ಗಾರ್ಡನ್ ಅಂತ ಒಂದು ತಾಣ ಇದೆ, 2016ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಹುಟ್ಟಿದ್ದು. ತೆರೆದರೆ ಭೂಗೋಳ ಕಾಣುತ್ತದೆ, ಅದರ ತುಂಬ ಹಸಿರು ಚುಕ್ಕೆ. ಯಾವ ಚುಕ್ಕೆ ಒತ್ತುತ್ತೀರೋ ಆ ಊರಿನ ರೇಡಿಯೋ ಆ ಕ್ಷಣಕ್ಕೆ ಏನು ಹಾಕಿದೆಯೋ ಅದು ಕೇಳಿಸುತ್ತದೆ. ಮೊದಲ ದಿನ ಭೂಮಿಯನ್ನು ಗಿರಗಿರ ತಿರುಗಿಸುತ್ತ ಕೂತು ಮಧ್ಯರಾತ್ರಿ ಆಗಿರುತ್ತದೆ, ಒಂದು ಹಾಡನ್ನೂ ಪೂರ್ತಿ ಕೇಳಿರುವುದಿಲ್ಲ. ಅದು ಎಲ್ಲರಿಗೂ ಆಗುವಂಥದ್ದೇ. ಎರಡನೇ ದಿನದಿಂದ ಒಂದೆರಡು ಕೇಂದ್ರ ಹಿಡಿದು ನಿಲ್ಲಿ.

ಯಾವ ಕೇಂದ್ರ ಅಂತ ಕೇಳ್ತೀರಿ, ಅಲ್ವಾ? ನನಗೆ ಹಿಡಿಸಿದ್ದು ಹೇಳುತ್ತೇನೆ. ಸಿಯಾಟಲ್‌ನ ಕೆಇಎಕ್ಸ್‌ಪಿ ಇದೆ. ಅದರ ಕಾರ್ಯಕ್ರಮಗಳನ್ನು ಪ್ರಸಾರವಾದ ಮೇಲೂ ಎರಡು ವಾರ ವೆಬ್‌ಸೈಟಿನಲ್ಲಿ ಕೇಳಬಹುದು. ನ್ಯೂಜೆರ್ಸಿಯ ಡಬ್ಲ್ಯುಎಫ್‌ಎಂಯು 1958ರಿಂದ ನಡೆಯುತ್ತಿದೆ, ಕೇಳುಗರ ದೇಣಿಗೆಯೇ ಅದರ ಆಧಾರ. ಅಲ್ಲಿ ಏನು ಹಾಕಬೇಕು ಅಂತ ನಿರೂಪಕರಿಗೆ ಯಾರೂ ಹೇಳುವುದಿಲ್ಲ. ಕೆಲವು ಗಂಟೆ ಅದ್ಭುತ, ಕೆಲವು ಗಂಟೆ ಪಾತ್ರೆ ಬಿದ್ದ ಸದ್ದು. ಫ್ರಾನ್ಸ್‌ನ ಫಿಪ್ 1971ರದ್ದು, ಮಾತು ತೀರಾ ಕಡಿಮೆ. ಜಾಝ್ ಮುಗಿದ ಬೆನ್ನಿಗೇ ರಾಕ್, ಅದರ ಬೆನ್ನಿಗೇ ಯಾವುದೋ ಹಳೇ ಪಿಯಾನೋ, ಆದರೂ ಮಧ್ಯೆ ಕುಲುಕಾಟ ಇಲ್ಲ. ಲಂಡನ್ನಿನ ಎನ್‌ಟಿಎಸ್ 2011ರಲ್ಲಿ ಶುರುವಾಯಿತು. ಅಲ್ಲಿ ಕಾರ್ಯಕ್ರಮದ ಜೊತೆ ಹಾಡುಗಳ ಪಟ್ಟಿಯನ್ನೂ ಕೊಡುತ್ತಾರೆ.

ಈ ಪಟ್ಟಿ ಬಹಳ ಮುಖ್ಯ. ನನಗೆ ಅದು ತಡವಾಗಿ ಗೊತ್ತಾಯಿತು. ಒಂದು ರಾತ್ರಿ ನಿದ್ದೆ ಬಾರದೆ ರೇಡಿಯೋ ಹಾಕಿಕೊಂಡಿದ್ದೆ. ಹೆಂಗಸೊಬ್ಬಳ ದನಿ, ಹಿಂದೆ ಒಂದೇ ಒಂದು ತಂತಿವಾದ್ಯ. ಹಾಡು ಗುರುತಿಸುವ ಆಪ್ ತೆರೆಯುವಷ್ಟರಲ್ಲಿ ಹಾಡು ಮುಗಿದುಹೋಯಿತು, ಭಾಷೆಯೂ ತಿಳಿಯಲಿಲ್ಲ. ನಾಲ್ಕು ದಿನ ಗುನುಗಿಕೊಂಡು ಓಡಾಡಿ, ಸ್ನೇಹಿತರ ಮುಂದೆ ಹಾಡಿ ತೋರಿಸಿ ನಗೆಪಾಟಲಾದೆ. ಆಮೇಲೆ ನೋಡಿದರೆ ಆ ಕೇಂದ್ರದ ವೆಬ್‌ಸೈಟಿನಲ್ಲಿ ಆ ರಾತ್ರಿಯ ಪ್ರತಿ ಹಾಡಿನ ಹೆಸರು ಗಂಟೆ, ನಿಮಿಷದ ಸಮೇತ ಬರೆದಿತ್ತು! ಅದಕ್ಕೇ ಹೇಳೋದು, ಕೇಂದ್ರ ಆರಿಸುವಾಗ ಪಟ್ಟಿ ಹಾಕುತ್ತಾರಾ ನೋಡಿ. ಇನ್ನೊಂದು, ಕೇಂದ್ರಕ್ಕಿಂತ ನಿರೂಪಕರನ್ನು ಹಿಡಿಯಿರಿ. ಹತ್ತು ಹಾಡಲ್ಲಿ ಮೂರು ನಿಮಗೆ ಇಷ್ಟವಾಗಿ, ನಾಲ್ಕು ಅರ್ಥವಾಗದೆ, ಉಳಿದ ಮೂರಕ್ಕೆ ಸಿಟ್ಟು ಬಂದರೆ ಅವರೇ ಸರಿಯಾದ ನಿರೂಪಕರು. ಹತ್ತಕ್ಕೆ ಹತ್ತೂ ಇಷ್ಟವಾದರೆ ನೀವು ಮತ್ತೆ ಆಪ್ ಹತ್ತಿರವೇ ಬಂದಿರಿ.

ಪ್ರಶ್ನೆ: ನನಗೆ ಹಾಡುಗಾರರಿಗಿಂತ ಹಿಂದೆ ನುಡಿಸುವವರ ಮೇಲೆ ಕಿವಿ ಜಾಸ್ತಿ. ಆದರೆ ಆಪ್‌ಗಳಲ್ಲಿ ಅವರ ಹೆಸರು ಹುಡುಕೋದೇ ಕಷ್ಟ. ಡ್ರಮ್ಸ್ ನುಡಿಸಿದವರು ಯಾರು ಅಂತ ತಿಳಿಯುವುದು ಹೇಗೆ?

ಉತ್ತರ: ಒಳ್ಳೇ ಚಟ ಹಿಡಿದಿದೆ ನಿಮಗೆ, ಬಿಡಬೇಡಿ. ಹೊಸ ಸಂಗೀತಕ್ಕೆ ಇದಕ್ಕಿಂತ ಹತ್ತಿರದ ದಾರಿ ನಾನು ಕಂಡಿಲ್ಲ.

ಡಿಸ್ಕಾಗ್ಸ್ ಅನ್ನೋ ತಾಣ ನೋಡಿ. 2000ದಲ್ಲಿ ಎಲೆಕ್ಟ್ರಾನಿಕ್ ಸಂಗೀತದ ರೆಕಾರ್ಡುಗಳ ಪಟ್ಟಿ ಮಾಡಲು ಶುರುವಾದದ್ದು, ಈಗ ಎಲ್ಲ ಬಗೆಯದೂ ಇದೆ. ರೆಕಾರ್ಡಿನ ಕವರ್ ಮೇಲೆ ಅಚ್ಚಾಗಿದ್ದನ್ನು ಬಳಕೆದಾರರೇ ಕೂತು ತುಂಬಿಸುತ್ತಾರೆ: ಯಾರು ನುಡಿಸಿದರು, ಯಾರು ರೆಕಾರ್ಡ್ ಮಾಡಿದರು, ಯಾವ ಕಂಪನಿ ಹೊರತಂದಿತು. ಹೆಸರಿನ ಮೇಲೆ ಒತ್ತಿದರೆ ಆ ಮನುಷ್ಯ ಕೈ ಹಾಕಿದ ಬೇರೆ ರೆಕಾರ್ಡುಗಳು ಬರುತ್ತವೆ. ಇದೇ ಥರ ಮ್ಯೂಸಿಕ್‌ಬ್ರೇನ್ಜ್ ಇದೆ, ಲಾಭಕ್ಕಾಗಿ ನಡೆಯದ ಸಂಸ್ಥೆಯದ್ದು.

ಟೋನಿ ಆ್ಯಲೆನ್ ಅವರನ್ನೇ ತೆಗೆದುಕೊಳ್ಳಿ. ನೈಜೀರಿಯಾದ ಗಾಯಕ ಫೆಲಾ ಕುಟಿ ಜೊತೆ ಡ್ರಮ್ಸ್ ನುಡಿಸಿ ಆಫ್ರೋಬೀಟ್ ಅನ್ನೋ ಅಲ್ಲಿನ ಸಂಗೀತಕ್ಕೆ ಅದರ ನಡಿಗೆ ಕೊಟ್ಟವರು. ಅವರ ಹೆಸರು ಹಿಡಿದು ಹೊರಟರೆ ಇಂಗ್ಲೆಂಡಿನ ಗಾಯಕ ಡೇಮನ್ ಆಲ್ಬರ್ನ್ ಸಿಗುತ್ತಾರೆ, ದಕ್ಷಿಣ ಆಫ್ರಿಕಾದ ಟ್ರಂಪೆಟ್ ವಾದಕ ಹ್ಯೂ ಮಸೆಕೆಲಾ ಸಿಗುತ್ತಾರೆ, ಕೊನೆಗೆ ಟೆಕ್ನೋ ಅನ್ನೋ ಎಲೆಕ್ಟ್ರಾನಿಕ್ ಕುಣಿತದ ಸಂಗೀತ ಮಾಡುವ, ಅಮೆರಿಕದ ಡೆಟ್ರಾಯಿಟ್‌ನ ಜೆಫ್ ಮಿಲ್ಸ್ ಕೂಡ. ಆಫ್ರೋಬೀಟ್ ಕೇಳಿದವನಿಗೆ ಟೆಕ್ನೋ ಹಾಕುವ ಧೈರ್ಯ ಯಾವ ಆಪ್‌ಗೆ ಇರುತ್ತೆ ಹೇಳಿ? ಆದರೆ ಕೈ ಅದೇ. ಎರಡು ಕಡೆಯೂ ಕೇಳಿದ ಮೇಲೆ ಗೊತ್ತಾಗುತ್ತದೆ.

ನುಡಿಸುವವರೇ ಆಗಬೇಕು ಅಂತಲೂ ಇಲ್ಲ. ರೂಡಿ ವ್ಯಾನ್ ಗೆಲ್ಡರ್ ಅಂತ ಒಬ್ಬ ರೆಕಾರ್ಡಿಂಗ್ ಎಂಜಿನಿಯರ್ ಇದ್ದರು. ಹಗಲು ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಬರೆದುಕೊಡುವ ಕೆಲಸ. ಉಳಿದ ಹೊತ್ತಿನಲ್ಲಿ ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್‌ನಲ್ಲಿದ್ದ ಅಪ್ಪ ಅಮ್ಮನ ಮನೆಯ ಹಾಲ್‌ನಲ್ಲೇ ಜಾಝ್ ರೆಕಾರ್ಡ್ ಮಾಡುತ್ತಿದ್ದರು. 1959ರಲ್ಲಿ ಬೇರೆ ಸ್ಟುಡಿಯೋ ಕಟ್ಟಿಕೊಳ್ಳುವವರೆಗೂ ಹಾಗೇ ನಡೆಯಿತು. ಬ್ಲೂ ನೋಟ್ ಕಂಪನಿಯ ಎಷ್ಟೋ ಹೆಸರಾಂತ ರೆಕಾರ್ಡು ಆ ಹಾಲ್‌ನಲ್ಲಿ ಹುಟ್ಟಿದವು. ಅವರ ಹೆಸರೊಂದನ್ನೇ ಹಿಡಿದರೂ ವರ್ಷಗಟ್ಟಲೆ ಕೇಳುವಷ್ಟು ಜಾಝ್ ಇದೆ.

ಪ್ರಶ್ನೆ: ದುಡ್ಡು ಕೊಡದೆ ಕೇಳಿದರೆ ಕಲಾವಿದರಿಗೆ ಮೋಸ ಮಾಡಿದಂತೆ ಅಲ್ಲವೇ? ಮನಸ್ಸಿಗೆ ಕಸಿವಿಸಿ.

ಉತ್ತರ: ತಿಂಗಳ ಚಂದಾ ಬೇಡ ಅಂದರೆ ಕಲಾವಿದರಿಗೆ ಒಂದು ಕಾಸೂ ಬೇಡ ಅಂತ ಅರ್ಥವಲ್ಲವಲ್ಲ. ಬ್ಯಾಂಡ್‌ಕ್ಯಾಂಪ್ ಅನ್ನೋ ಹಾಡು ಮಾರುವ ತಾಣದಲ್ಲಿ ಮೊದಲು ಸುಮ್ನೆ ಕೇಳಿ, ಹಿಡಿಸಿದರೆ ಕೊಳ್ಳಿ. ಬೆಲೆ ಹಾಕುವವರು ಕಲಾವಿದರೇ. ಕೆಲವರು ನಿಮಗೆ ತೋಚಿದಷ್ಟು ಕೊಡಿ ಅಂತ ಬಿಟ್ಟಿರುತ್ತಾರೆ, ಸೊನ್ನೆಯೂ ನಡೆಯುತ್ತದೆ. ಡಿಜಿಟಲ್ ಮಾರಾಟದಲ್ಲಿ ಬ್ಯಾಂಡ್‌ಕ್ಯಾಂಪ್ ಇಟ್ಟುಕೊಳ್ಳುವುದು ಶೇ. 15, ಮಾರಾಟ ಹೆಚ್ಚಿದಾಗ ಶೇ. 10. 2020ರ ಮಾರ್ಚ್‌ನಿಂದ ಆಯ್ದ ಕೆಲವು ಶುಕ್ರವಾರಗಳಂದು ಆ ಪಾಲನ್ನೂ ಬಿಟ್ಟುಕೊಡುತ್ತಾ ಬಂದಿದೆ. ನಾನು ಬೇಕಾದ ಆಲ್ಬಮ್‌ಗಳನ್ನು ಪಟ್ಟಿ ಮಾಡಿಟ್ಟು ಅಂಥ ಶುಕ್ರವಾರಕ್ಕೆ ಕಾಯುತ್ತೇನೆ. ಕೊಂಡ ಫೈಲು ಇಳಿಸಿಕೊಂಡರೆ ನಿಮ್ಮದೇ, ಚಂದಾ ನಿಂತಿತು ಅಂತ ಯಾರೂ ಕಿತ್ತುಕೊಳ್ಳುವುದಿಲ್ಲ.

ಅಲ್ಲೇ ಇನ್ನೊಂದು ದಾರಿ ಇದೆ, ಎಷ್ಟೋ ಜನ ಗಮನಿಸಿರುವುದಿಲ್ಲ. ಆಲ್ಬಮ್‌ನ ಪುಟದಲ್ಲಿ ಅದನ್ನು ಕೊಂಡವರ ಪುಟ್ಟ ಚಿತ್ರಗಳು ಸಾಲಾಗಿ ಇರುತ್ತವೆ. ಒಂದನ್ನು ಒತ್ತಿ. ಆ ವ್ಯಕ್ತಿ ಕೊಂಡ ಬೇರೆ ಆಲ್ಬಮ್‌ಗಳು ತೆರೆದುಕೊಳ್ಳುತ್ತವೆ. ಪರಿಚಯವಿಲ್ಲದವರ ಮನೆಗೆ ಹೋಗಿ ಅವರ ಕಪಾಟು ನೋಡಿದ ಹಾಗೆ, ಆದರೆ ಬೈಸಿಕೊಳ್ಳುವ ಭಯವಿಲ್ಲ. ಕಡಿಮೆ ಜನ ಕೊಂಡ ಆಲ್ಬಮ್‌ನಿಂದ ಹೊರಟರೆ ಇನ್ನೂ ಚೆನ್ನ. ಸಾವಿರಾರು ಜನ ಕೊಂಡದ್ದರಲ್ಲಿ ಎಲ್ಲ ರುಚಿಯವರೂ ಇರುತ್ತಾರೆ. ಹದಿನೈದೇ ಜನ ಕೊಂಡಿದ್ದರೆ ಅವರಲ್ಲಿ ಯಾರಾದರೂ ನಿಮ್ಮಂಥದೇ ಹುಚ್ಚಿನವರು ಇದ್ದೇ ಇರುತ್ತಾರೆ.

ಪ್ರಶ್ನೆ: ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುವ ಹಾಡು ಇಳಿಸಿಕೊಳ್ಳುವುದು ಕಾನೂನುಬದ್ಧವೇ?

ಉತ್ತರ: ಎಲ್ಲವೂ ಅಲ್ಲ. ಯಾರು ಬೇಕಾದರೂ ಫೈಲು ಹಾಕಬಹುದಾದ ಆನ್‌ಲೈನ್ ಭಂಡಾರ ಅದು, ಆದ್ದರಿಂದ ಅಲ್ಲಿ ಇದೆ ಅಂದ ಮಾತ್ರಕ್ಕೆ ಹಕ್ಕು ಮುಕ್ತ ಅಂತಲ್ಲ. 2002ರಲ್ಲಿ ಶುರುವಾದ ಅದರ ಲೈವ್ ಮ್ಯೂಸಿಕ್ ವಿಭಾಗ ಬೇರೆ ಥರ. ಅಲ್ಲಿರುವುದು ಕಲಾವಿದರೇ ಒಪ್ಪಿಗೆ ಕೊಟ್ಟ ಕಛೇರಿಗಳ ಧ್ವನಿಮುದ್ರಣ. ಅಮೆರಿಕದ ಗ್ರೇಟ್‌ಫುಲ್ ಡೆಡ್ ಅನ್ನೋ ರಾಕ್ ತಂಡದ್ದೇ ಸಾವಿರಾರು ಇವೆ. ಕೇಳಲು ಬಂದವರು ಟೇಪ್ ಮಾಡಿಕೊಂಡರೆ ಮಾಡಿಕೊಳ್ಳಲಿ ಅಂತ ಬಿಟ್ಟಿದ್ದ ತಂಡ ಅದು. ಆ ತಂಡದ ಕೆಲವು ಧ್ವನಿಮುದ್ರಣಗಳನ್ನು ಆನ್‌ಲೈನ್ ಕೇಳಬಹುದಷ್ಟೇ, ಇಳಿಸಿಕೊಳ್ಳಲಾಗದು.

ತೀರಾ ಹಳೆಯದು ಬೇಕಾದರೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2011ರಲ್ಲಿ ತೆರೆದ ನ್ಯಾಷನಲ್ ಜೂಕ್‌ಬಾಕ್ಸ್ ನೋಡಿ. ಮೈಕ್ ಬರುವ ಮೊದಲಿನ ಕಾಲದವು, ದೊಡ್ಡ ಕಹಳೆಯ ಬಾಯಿಗೆ ಮುಖವಿಟ್ಟು ಹಾಡಿದಂಥವು. ಆ ದೇಶದಲ್ಲಿ 1923ಕ್ಕಿಂತ ಮೊದಲು ಹೊರಬಂದ ಧ್ವನಿಮುದ್ರಣಗಳ ಹಕ್ಕು 2022ರ ಜನವರಿ 1ಕ್ಕೆ ಮುಗಿಯಿತು. ನಿಮ್ಮ ಕಿವಿಗೆ ಮೊದಲ ಸಲ ಬಿದ್ದರೆ ನೂರು ವರ್ಷದ ಹಾಡೂ ಹೊಸ ಹಾಡೇ ಅಂತ ನನ್ನ ಲೆಕ್ಕ.

ಪ್ರಶ್ನೆ: ಯೂಟ್ಯೂಬ್ ಸಾಕಲ್ಲವೇ?

ಉತ್ತರ: ತಾನೇ ಮುಂದಿನ ವಿಡಿಯೋ ಹಾಕುವ ಆಟೋಪ್ಲೇ ಬಂದ್ ಮಾಡಿಟ್ಟರೆ ಸಾಕು. ಅದು ಚಾಲೂ ಇದ್ದರೆ ಮತ್ತೆ ಯಂತ್ರದ ಕೈಗೇ ಕಿವಿ ಕೊಟ್ಟಂತೆ. ಅಮೆರಿಕದ ಸಾರ್ವಜನಿಕ ರೇಡಿಯೋ ಸಂಸ್ಥೆ ಎನ್‌ಪಿಆರ್‌ನವರು 2008ರಿಂದ ಕಚೇರಿಯ ಮೇಜಿನ ಹಿಂದೆಯೇ ಕಲಾವಿದರನ್ನು ನಿಲ್ಲಿಸಿ ಹಾಡಿಸುವ ಟೈನಿ ಡೆಸ್ಕ್ ಸರಣಿ, ಕೆಇಎಕ್ಸ್‌ಪಿಯ ಸ್ಟುಡಿಯೋ ಕಛೇರಿಗಳು, ಎರಡೂ ಪುಕ್ಕಟೆ. ಹೆಸರು ಕೇಳದವರನ್ನೇ ಬೇಕೆಂದು ಆರಿಸಿ.

ಪ್ರಶ್ನೆ: ಸಿಕ್ಕ ಹಾಡೆಲ್ಲ ಮರೆತುಹೋಗುತ್ತೆ. ಫೋನಿನಲ್ಲಿ ಎಪ್ಪತ್ತು ಟ್ಯಾಬ್ ತೆರೆದಿವೆ. ಏನು ಮಾಡಲಿ?

ಉತ್ತರ: ಟ್ಯಾಬ್ ಎಲ್ಲ ಮುಚ್ಚಿಬಿಡಿ. ನಾಳೆಗೂ ನೆನಪಿರುವ ಹಾಡು ಯಾವುದೋ ಅದೊಂದನ್ನು ಮತ್ತೆ ತೆರೆದು ಚೀಟಿಯಲ್ಲಿ ಹೆಸರು ಬರೆದುಕೊಳ್ಳಿ. ಕೇಳಿದ್ದೆಲ್ಲ ತಾನೇ ದಾಖಲಾಗಬೇಕು ಅಂದರೆ ಲಿಸನ್‌ಬ್ರೇನ್ಜ್ ಇದೆ, ಮ್ಯೂಸಿಕ್‌ಬ್ರೇನ್ಜ್ ನಡೆಸುವವರದ್ದೇ, ಪುಕ್ಕಟೆ. ನಾನು ಚೀಟಿಯವನು.