ಬರ್ಗೆನ್‌ನಿಂದ ಗೈರಾಂಗರ್‌ಗೆ ಒಂದೇ ದಿನವಾ?

ಜೂನ್‌ನಲ್ಲಿ ಅಪ್ಪ ಅಮ್ಮನ ಜೊತೆ ನಾರ್ವೆಯ ಬರ್ಗೆನ್ ನಗರದಿಂದ ಗೈರಾಂಗರ್ ಹಳ್ಳಿಗೆ ಒಂದೇ ದಿನದಲ್ಲಿ ಕಾರಲ್ಲಿ ಹೋಗಬಹುದಾ ಅಂತ ಕೇಳಿದ್ದೀರಲ್ವಾ? ಹೋಗಬಹುದು, ಆದರೆ ಬೇಡ. ಮ್ಯಾಪ್‌ನಲ್ಲಿ ಆರೇಳು ಗಂಟೆ ಅಂತ ತೋರಿಸಿದರೂ ನಡುವೆ ಫೆರ್ರಿಗೆ ಕಾಯಬೇಕು, ರಸ್ತೆ ಕಿರಿದು, ಸುರಂಗಗಳು ಬೇರೆ, ಜೊತೆಗೆ ಪ್ರತಿ ತಿರುವಿನಲ್ಲೂ ನಿಲ್ಲಿಸು ಅಂತ ಅಮ್ಮ ಹೇಳದೆ ಇರಲ್ಲ.

ದಾರಿಯಲ್ಲಿ ಸಿಗುವ ಲೋಯೆನ್ ಹಳ್ಳಿಯಲ್ಲಿ ಒಂದು ರಾತ್ರಿ ಉಳಿಯಿರಿ. ಅಲ್ಲಿಯ ಕೇಬಲ್ ಕಾರು ಫ್ಯೋರ್ಡ್ (ಬೆಟ್ಟಗಳ ನಡುವೆ ಒಳನುಗ್ಗಿದ ಕಡಲ ಕವಲು) ದಡದಿಂದ 1,011 ಮೀಟರ್ ಎತ್ತರದ ಹೋವೆನ್ ಬೆಟ್ಟಕ್ಕೆ ಸುಮಾರು ಐದೇ ನಿಮಿಷದಲ್ಲಿ ಏರುತ್ತದೆ, ಮಂಡಿನೋವಿನವರಿಗೂ ಚಿಂತೆಯಿಲ್ಲ. ಮರುದಿನ ಹೆಲ್ಲೆಸಿಲ್ಟ್ ಹಳ್ಳಿಯಲ್ಲಿ ಕಾರನ್ನೇ ಗೈರಾಂಗರ್‌ಗೆ ಹೋಗುವ ಫೆರ್ರಿಗೆ ಹತ್ತಿಸಿ. ಸುಮಾರು ಒಂದು ಗಂಟೆ ಪಯಣ. ಡೆಕ್ ಮೇಲೆ ನಿಂತರೆ ಸೆವೆನ್ ಸಿಸ್ಟರ್ಸ್ ಜಲಪಾತ ಎದುರಿಗೇ ಬರುತ್ತದೆ. ಜೂನ್‌ನಲ್ಲಿ ಹಿಮ ಕರಗುವುದರಿಂದ ನೀರೂ ಜಾಸ್ತಿ. ಸ್ವೆಟರ್ ಮರೆಯಬೇಡಿ, ಗಾಳಿ ಚುಚ್ಚುತ್ತದೆ.