ಆಣೆ ಬೇಡ, ಲೆಕ್ಕ ಬರೆಯಿರಿ: ಡೊಂಬಿವಲಿಯ ಒಂದು ಕುಡಿತದ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

38 ವರ್ಷದ ವಿವಾಹಿತರು. ಊರು ಕಾರ್ಕಳದ ಕಡೆ, ವಾಸ ಮುಂಬೈ ಹತ್ತಿರದ ಡೊಂಬಿವಲಿ, ಹೋಟೆಲಿನ ಗಲ್ಲಾದಲ್ಲಿ ಕೆಲಸ. ದಿನಕ್ಕೆ ‘ಒಂದೇ’ ಕ್ವಾರ್ಟರ್, ಸಂಬಳದ ವಾರ ಎರಡು. ಒಂದು ಕ್ವಾರ್ಟರ್‌ನ 180 ಮಿ.ಲೀ. ವಿಸ್ಕಿಯಲ್ಲಿ ಸುಮಾರು 60 ಗ್ರಾಂ ಆಲ್ಕೋಹಾಲ್ ಇರುತ್ತದೆ, ಅಂದರೆ ಆರು ಸಣ್ಣ ಪೆಗ್ಗು. ಕುಡಿತದಿಂದ ಎರಡು ಕಡೆ ಕೆಲಸ ಹೋಗಿದೆ, ಹೆಂಡತಿಯ ಬಳೆ ಗಿರವಿಗೆ ಹೋಗಿದೆ.

ಮೊದಲು ನೋಡಿದ್ದು ಬಿಡುವುದು ಹೇಗೆಂದಲ್ಲ, ಬಿಟ್ಟಾಗ ಏನಾಗುತ್ತದೆಂದು. ಹಿಂದೊಮ್ಮೆ ಮನೆಯಲ್ಲೇ ಏಕಾಏಕಿ ಬಿಟ್ಟಾಗ ಎರಡನೇ ದಿನ ಫಿಟ್ಸ್ ಬಂದಿತ್ತು. ದಿನವೂ ಕುಡಿಯುವವರು ನಿಲ್ಲಿಸಿದ ಮೊದಲ 48 ಗಂಟೆಯಲ್ಲಿ ಫಿಟ್ಸ್, ಎರಡರಿಂದ ನಾಲ್ಕನೇ ದಿನದೊಳಗೆ ಭ್ರಮೆ, ಗೊಂದಲ ಬರಬಹುದು, ಜೀವಕ್ಕೂ ಅಪಾಯ. ಹಾಗಾಗಿ ಸರಕಾರಿ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಕಳಿಸಿ, ಔಷಧಿ ಮತ್ತು ಥಯಾಮಿನ್ (ಬಿ1) ಶುರುವಾಗಿ, ಮೈ ಹಿಡಿತಕ್ಕೆ ಬಂದ ಮೇಲೆ ನಮ್ಮ ಬಳಿ ಆಪ್ತಸಲಹೆಯ ಮಾತುಕತೆಗೆ ಕೂತದ್ದು. ಸಾಯುವ ಯೋಚನೆ ಇದೆಯೇ ಎಂದು ನೇರವಾಗಿಯೇ ಕೇಳಲಾಯಿತು. ಇಲ್ಲವೆಂದರು. ಆದರೂ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಗಂಡ ಹೆಂಡತಿ ಇಬ್ಬರ ಫೋನಿನಲ್ಲೂ ಸೇವ್ ಆಯಿತು.

“ನಮ್ಮ ರಕ್ತದಲ್ಲೇ ಉಂಟು ಮಾರಾಯ್ರೆ, ಎಂತ ಮಾಡುದು?” ಇದು ಅವರ ವಾದ. ಅಲ್ಲಗಳೆಯುವಂಥದ್ದೇನಲ್ಲ. ಅವಳಿ ಮತ್ತು ದತ್ತು ಮಕ್ಕಳ ಅಧ್ಯಯನಗಳು ಕುಡಿತದ ಚಟದ ಅಪಾಯದಲ್ಲಿ ಸುಮಾರು ಅರ್ಧ ಪಾಲು ಅನುವಂಶಿಕ ಎನ್ನುತ್ತವೆ. ಒಂದು ಹಾಳೆಯ ಮೇಲೆ ಮೂರು ತಲೆಮಾರು ಬರೆಸಿದೆವು: ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ, ಕುಡಿದವರಿಗೆ ಮಸಿ. ಅಜ್ಜ ಕಪ್ಪು, ಅಪ್ಪ ಕಪ್ಪು, ಲಿವರ್ ಕೆಟ್ಟು ತೀರಿಹೋದವರು. ಚಿಕ್ಕಪ್ಪನ ಚೌಕಕ್ಕೆ ಅರ್ಧ ಮಸಿ ಬಳಿದು ಪೆನ್ನು ನಿಂತಿತು. “ಅವರು ಬಿಟ್ಟಿದ್ದಾರೆ.” ಹೇಗೆ ಬಿಟ್ಟರು? ಕೇಳಿಯೇ ಇರಲಿಲ್ಲ! ಊರಿಗೆ ಫೋನ್ ಮಾಡಿ ಮೂರೇ ಪ್ರಶ್ನೆ ಕೇಳುವ ಕೆಲಸ ಕೊಟ್ಟೆವು: ಯಾವ ಹೊತ್ತು ಕಷ್ಟವಾಗುತ್ತಿತ್ತು, ಯಾರ ಸಂಗ ಬಿಟ್ಟಿರಿ, ಮತ್ತೆ ಕುಡಿದಾಗ ಏನು ಮಾಡಿದಿರಿ.

ಪ್ರತಿ ಸಲ ಕುಡಿದು ಎದ್ದ ಬೆಳಿಗ್ಗೆ ಇವರು ಧರ್ಮಸ್ಥಳದ ಆಣೆ ಇಡುತ್ತಿದ್ದರು. ದೇವರ ಭಯ ಒಳ್ಳೆಯದೇ, ಆದರೆ ಆಣೆ ಮುರಿದ ದಿನ ‘ಹೇಗೂ ಕೆಟ್ಟೆ’ ಎಂದು ವಾರವಿಡೀ ಕುಡಿತ. ಮನಃಶಾಸ್ತ್ರಜ್ಞ ಅಲನ್ ಮಾರ್ಲಾಟ್ ಮತ್ತು ಸಂಗಡಿಗರು ವಿವರಿಸಿದ್ದು ಇದನ್ನೇ: ಒಂದು ಸಲ ಜಾರಿದವರನ್ನು ಪೂರ್ತಿ ಬೀಳಿಸುವುದು ಆ ಪೆಗ್ಗಿಗಿಂತ ಹೆಚ್ಚಾಗಿ ಅದರ ಹಿಂದೆ ಬರುವ ತಪ್ಪಿತಸ್ಥ ಭಾವ. ಪಶ್ಚಾತ್ತಾಪದಲ್ಲಿ ಅತ್ತದ್ದು ಬಹಳವಾಯಿತು, ಕಲಿತದ್ದೇನೂ ಇರಲಿಲ್ಲ.

ಆಣೆಯ ಬದಲು ಲೆಕ್ಕ. ರಾತ್ರಿ ಗಲ್ಲಾದಲ್ಲಿ ಹಣ ಕಮ್ಮಿ ಬಂದರೆ ಬಿಲ್ಲು ಹಿಂದಿನಿಂದ ನೋಡುವ ಹಾಗೆ, ಕೊನೆಯ ಸಲ ಕುಡಿದದ್ದನ್ನು ಮೊದಲ ಪೆಗ್ಗಿನಿಂದ ಹಿಂದಕ್ಕೆ ಬರೆಸಿದೆವು. ಹನ್ನೆರಡೂವರೆ: ಸ್ಟೇಷನ್ ಪಕ್ಕದ ಬಾರ್. ಹನ್ನೆರಡು: 500 ರೂಪಾಯಿ ತಾಳೆಯಾಗದೆ ಹುಡುಗರ ಮುಂದೆ ಸೇಟಿನ ಬೈಗುಳ. ಹತ್ತು: “ಲೇಟಾಗ್ತದೆ” ಎಂದು ಹೆಂಡತಿಗೆ ಫೋನ್. ಸಂಜೆ ನಾಲ್ಕೂವರೆ: ಗಿರಾಕಿ ಹೆಚ್ಚೆಂದು ಊಟ ಬಿಟ್ಟದ್ದು. ಸೇಟು ಬೈದದ್ದಕ್ಕೆ ಕುಡಿದೆ ಎಂದವರು ಬರೆದು ಮುಗಿಸಿ ಹತ್ತು ಗಂಟೆಯ ಸಾಲಿನ ಮೇಲೆ ಬೆರಳಿಟ್ಟರು. ಬೈಗುಳಕ್ಕೆ ಎರಡು ಗಂಟೆ ಮೊದಲೇ ದಾರಿ ಮಾಡಿಕೊಂಡಾಗಿತ್ತು.

ಕೊಟ್ಟ ಸಲಹೆ: ಎಂಟರೊಳಗೆ ಹೊಟ್ಟೆ ತುಂಬ ಊಟ, ಗಿರಾಕಿ ಎಷ್ಟೇ ಇರಲಿ. ಸಂಬಳ ಹೆಂಡತಿಯ ಖಾತೆಗೆ, ಕಿಸೆಯಲ್ಲಿ 100 ರೂಪಾಯಿ, ಫೋನಿನಲ್ಲಿ ಯುಪಿಐ ಬೇಡ. ಬಾರ್ ಇಲ್ಲದ ಕಡೆಯ ಪಾದಚಾರಿ ಸೇತುವೆಯಿಂದ ಇಳಿಯುವುದು. ಕುಡಿಯುವ ತೀವ್ರ ಆಸೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಅಷ್ಟು ಹೊತ್ತು ಚಿಕ್ಕಪ್ಪನಿಗೆ ಫೋನ್, ಮಲಗಿದ್ದರೂ ಎಬ್ಬಿಸಬಹುದು. ಜಾರಿದರೆ 24 ಗಂಟೆಯೊಳಗೆ ನಮಗೆ ತಿಳಿಸಿ ಲೆಕ್ಕ ಬರೆಯಬೇಕು. ಆಣೆ ಇಡಬಾರದು.

ಹೆಂಡತಿಗೆ: ಬಾರಿನ ಸಾಲ ತೀರಿಸಬೇಡಿ, ಕುಡಿದಿರುವಾಗ ವಾದ ಬೇಡ, ಕೈಯೆತ್ತಿದರೆ ಮಗನೊಂದಿಗೆ ಪಕ್ಕದ ಮನೆಗೆ ಹೋಗಿ 112ಕ್ಕೆ ಕರೆ ಮಾಡಿ.

ಗಣೇಶ ವಿಸರ್ಜನೆಯ ರಾತ್ರಿ ಒಮ್ಮೆ ಜಾರಿದರು. ಮರುದಿನ ಹಾಳೆ ತಂದರು, ಕಾರಣದ ಸಾಲಿನಲ್ಲಿ ಮತ್ತದೇ ಖಾಲಿ ಹೊಟ್ಟೆ. ಒಂಬತ್ತು ವರ್ಷದ ಮಗನಿಗೆ ಮನೆತನದ ಈ ವಿಷಯ ಯಾವಾಗ ಹೇಳುವುದೆಂದು ಈಗ ಅವರೇ ಕೇಳುತ್ತಿದ್ದಾರೆ. ಅಪ್ಪನ ಕಾಯಿಲೆ ತನ್ನಿಂದಲ್ಲ ಎಂಬುದು ಅವನಿಗೆ ಈಗಲೇ ಗೊತ್ತಾಗಬೇಕು. ನಮ್ಮ ಮನೆಯವರಿಗೆ ಮೊದಲ ಪೆಗ್ಗೇ ಹೆಚ್ಚು ಅಪಾಯ ಎಂಬುದನ್ನು ಹೈಸ್ಕೂಲಿಗೆ ಹೋಗುವಾಗ ಹೇಳಿದರಾಯಿತು.