ಕೀಬೋರ್ಡ್ ಮಾತ್ರ ಗೊತ್ತು, ಶಾಲೆಯ ಬ್ಯಾಂಡ್ ಕಂಡಕ್ಟ್ ಮಾಡೋದನ್ನ ಹೇಗೆ ಕಲಿಯಲಿ?

ಕೀಬೋರ್ಡ್ ಕಲಿಸುತ್ತಿದ್ದ ನಿಮ್ಮ ತಲೆಗೆ ಇದ್ದಕ್ಕಿದ್ದಂತೆ ಶಾಲೆಯ ಬ್ಯಾಂಡ್ ಕಟ್ಟಿದ್ದಾರೆ, ಎಲ್ಲಿಂದ ಶುರು ಮಾಡ್ಲಿ ಅಂತ ಕೇಳಿದ್ದೀರಿ. ನಾನೂ ಹೀಗೇ ಸಿಕ್ಕಿಹಾಕಿಕೊಂಡವನು, ಅದಕ್ಕೇ ಬರೆಯುತ್ತಿದ್ದೇನೆ.

ಕೈ ಬೀಸುವ ಲೆಕ್ಕ ಒಂದೆರಡು ಸಂಜೆಯ ಕೆಲಸ. ನಾಲ್ಕರ ತಾಳಕ್ಕೆ ಬಲಗೈ ಕೆಳಗೆ, ಎಡಕ್ಕೆ, ಬಲಕ್ಕೆ, ಮೇಲಕ್ಕೆ. ಮೂರಕ್ಕೆ ಕೆಳಗೆ, ಬಲಕ್ಕೆ, ಮೇಲಕ್ಕೆ. ಕನ್ನಡಿ ಮುಂದೆ ನಿಂತು ಮೆಟ್ರೊನೋಮ್ (ಟಿಕ್ ಟಿಕ್ ಅಂತ ತಾಳ ಕೊಡುವ ಯಂತ್ರ) ಹಾಕಿಕೊಂಡು ಮಾಡಿ, ಬಂದುಬಿಡುತ್ತೆ. ಕಷ್ಟ ಇರೋದು ಒಂದನೇ ಬೀಟ್‌ಗೂ ಮುಂಚಿನ ಬೀಟ್‌ನಲ್ಲಿ.

ನನ್ನ ಮೊದಲ ರಿಹರ್ಸಲ್ ಹೇಳ್ತೀನಿ ಕೇಳಿ. ಕೈ ಎತ್ತಿ ಹಿಡಿದೆ, ಎಲ್ಲರೂ ನೋಡುತ್ತಿದ್ದಾರೆ, ಜೋರಾಗಿ ಕೆಳಗಿಳಿಸಿದೆ. ಡ್ರಮ್ ಹುಡುಗ ತಕ್ಷಣ ಬಾರಿಸಿದ, ಟ್ರಂಪೆಟ್‌ಗಳು ಅರ್ಧ ಬೀಟ್ ತಡವಾಗಿ ಬಂದವು, ಫ್ಲೂಟ್‌ನ ಮೂವರು ಹುಡುಗಿಯರು ಮಾತ್ರ ವಾದ್ಯ ತುಟಿಗಿಟ್ಟುಕೊಂಡು ನನ್ನನ್ನೇ ನೋಡುತ್ತಾ ಕೂತಿದ್ದರು. ಯಾಕ್ರಮ್ಮಾ ಅಂದರೆ, 'ಸರ್, ಉಸಿರು ತಗೊಳ್ಳೋಕೆ ನೀವು ಟೈಮೇ ಕೊಡಲಿಲ್ಲ' ಅಂದಳು ಒಬ್ಬಳು. ಕೀಬೋರ್ಡ್‌ನವರಿಗೆ ಇದು ಹೊಳೆಯೋದೇ ಇಲ್ಲ ನೋಡಿ. ನಮಗೆ ಬೆರಳು ಒತ್ತಿದರೆ ಸ್ವರ ಬಂತು. ಊದುವವರಿಗೆ ಮೊದಲು ಉಸಿರು ಬೇಕು, ವಯಲಿನ್‌ನವರಿಗೂ ಕಮಾನನ್ನು ತಂತಿಗೆ ತರೋಕೆ ಒಂದು ಕ್ಷಣ ಬೇಕು.

ಅದಕ್ಕೇ ಆ ಮುಂಚಿನ ಬೀಟ್ ತೋರಿಸುವಾಗ ನೀವೂ ಬಾಯಿ ತೆರೆದು ಉಸಿರು ಎಳೆದುಕೊಳ್ಳಿ, ಮುಂದೆ ಬರೋ ಹಾಡಿನ ವೇಗದಲ್ಲೇ. ನಿಧಾನದ ಹಾಡಾದರೆ ನಿಧಾನ ಉಸಿರು, ಚುರುಕಿನದಾದರೆ ಚುರುಕು. ಮೆಲ್ಲಗೆ ಶುರುವಾಗಬೇಕಿದ್ದರೆ ಕೈ ಸಣ್ಣದಾಗಿ ಏಳಲಿ. ಸುಮ್ನೆ 'ಒನ್, ಟೂ, ತ್ರೀ, ಫೋರ್' ಅಂತ ಬಾಯಲ್ಲಿ ಎಣಿಸಿ ಶುರು ಮಾಡಿಸೋದು ಸುಲಭ, ನಾನೂ ಎಷ್ಟೋ ದಿನ ಮಾಡಿದೆ. ಆದರೆ ಮಕ್ಕಳು ಕಿವಿಯಲ್ಲೇ ಕೆಲಸ ಮುಗಿಸಿ, ನೋಟ್ಸ್‌ನಿಂದ ತಲೆ ಎತ್ತೋದೇ ಬಿಟ್ಟರು. ಸ್ಟ್ಯಾಂಡ್ ಮೇಲೆ ಟಕಟಕ ಬಡಿಯೋದೂ ಅದೇ ಜಾತಿಯ ಚಟ. (ಹಿಂದಿನ ಕಾಲದಲ್ಲಿ ಉದ್ದ ಕೋಲಿನಿಂದ ನೆಲ ಕುಟ್ಟಿ ತಾಳ ಹಾಕುತ್ತಿದ್ದರು. ಫ್ರೆಂಚ್ ಸಂಗೀತಗಾರ ಲುಲ್ಲಿ ಆ ಕೋಲನ್ನ ತನ್ನ ಕಾಲಿಗೇ ಹೊಡೆದುಕೊಂಡು, ಗಾಯ ಕೊಳೆತು 1687ರಲ್ಲಿ ಸತ್ತೇಹೋದ. ಈಗ ಕಂಡಕ್ಟರ್ ಕೈಯಲ್ಲಿರೋ ಸಣ್ಣ ಕಡ್ಡಿ, ಬ್ಯಾಟನ್, ಹಗುರ, ಆ ಭಯ ಇಲ್ಲ ಬಿಡಿ.)

ಎರಡನೇ ಪಾಠ ಇನ್ನೂ ಮರ್ಯಾದೆ ಕಳೆಯಿತು. 'ಎಲ್ಲರೂ ಸಿ ನುಡಿಸಿ' ಅಂದೆ. ಫ್ಲೂಟ್‌ನಿಂದ ಸಿ ಬಂತು, ಕ್ಲಾರಿನೆಟ್ ಮತ್ತು ಟ್ರಂಪೆಟ್‌ನಿಂದ ಬಿ ಫ್ಲಾಟ್, ಆಲ್ಟೊ ಸ್ಯಾಕ್ಸೊಫೋನ್‌ನಿಂದ ಇ ಫ್ಲಾಟ್, ಹಾರ್ನ್‌ನಿಂದ ಎಫ್. ಮಕ್ಕಳ ತಪ್ಪೇನೂ ಇಲ್ಲ, ಆ ವಾದ್ಯಗಳಿಗೆ ಬರೆಯುವ ಸ್ವರ ಒಂದು, ಕೇಳುವ ಸ್ವರ ಇನ್ನೊಂದು. ಹಾಗಾಗಿ 'ಕಾನ್ಸರ್ಟ್ ಬಿ ಫ್ಲಾಟ್' ಅನ್ನಬೇಕು, ಅಂದರೆ ಕಿವಿಗೆ ಬಿ ಫ್ಲಾಟ್ ಆಗಿ ಕೇಳುವ ಸ್ವರ. ಆಗ ಫ್ಲೂಟ್, ಟ್ರಾಂಬೋನ್ ಬಿ ಫ್ಲಾಟ್ ಹಿಡೀತಾರೆ, ಕ್ಲಾರಿನೆಟ್, ಟ್ರಂಪೆಟ್ ಸಿ ಹಿಡೀತಾರೆ, ಆಲ್ಟೊ ಜಿ, ಹಾರ್ನ್ ಎಫ್, ಕಿವಿಗೆ ಬೀಳೋದು ಒಂದೇ ಸ್ವರ. ಈ ಲೆಕ್ಕವನ್ನ ಒಂದು ಚೀಟಿಯಲ್ಲಿ ಬರೆದು ಸ್ಟ್ಯಾಂಡ್‌ಗೆ ಅಂಟಿಸಿಕೊಳ್ಳಿ, ನಾಚಿಕೆ ಏನೂ ಬೇಡ. ಬ್ಯಾಂಡ್‌ನಲ್ಲಿ ಸಾಮಾನ್ಯವಾಗಿ ಶ್ರುತಿ ಮಾಡಿಸೋದೂ ಈ ಬಿ ಫ್ಲಾಟ್‌ಗೇ. ತಂತಿ ವಾದ್ಯ ಇರೋ ಆರ್ಕೆಸ್ಟ್ರಾ ಆದರೆ ಓಬೋ ಕೊಡುವ ಎ ಸ್ವರಕ್ಕೆ.

ಒಂದು ಸಲ ಶ್ರುತಿ ಮಾಡಿಸಿದರೆ ಮುಗಿಯಿತು ಅಂದುಕೊಳ್ಳಬೇಡಿ. ಊದುವ ವಾದ್ಯ ಬಿಸಿಯಾದ ಹಾಗೆ ಶ್ರುತಿ ಏರುತ್ತೆ. ಜೋರಾಗಿ ಊದಿದರೆ ಫ್ಲೂಟ್ ಮೇಲೆ ಹೋಗುತ್ತೆ, ಕ್ಲಾರಿನೆಟ್ ಕೆಳಗೆ ಜಾರುತ್ತೆ. ಹಾಡಿನ ಜೋರಾದ ಭಾಗದಲ್ಲೇ ಕರ್ಕಶ ಅನ್ನಿಸಿದರೆ ಮೊದಲು ಇವೆರಡನ್ನೇ ಬಿಡಿಬಿಡಿಯಾಗಿ ನುಡಿಸಿ ಕೇಳಿ.

ಮನೆಯಲ್ಲಿ ಮಾಡಬೇಕಾದ್ದು ಸ್ಕೋರ್ ಓದೋದು, ಅಂದರೆ ಎಲ್ಲ ವಾದ್ಯಗಳ ಸಾಲೂ ಒಟ್ಟಿಗೆ ಬರೆದಿರೋ ನೋಟ್ಸ್. ಪ್ರತಿ ವಾದ್ಯದ ಸಾಲನ್ನೂ ಬಾಯಲ್ಲಿ ಹಾಡಿಕೊಳ್ಳಿ, ಮೂರನೇ ಕ್ಲಾರಿನೆಟ್‌ನ ಬೋರಿಂಗ್ ಸಾಲನ್ನೂ. ಯಾರು ಜಾಸ್ತಿ ಹೊತ್ತು ಸುಮ್ಮನಿದ್ದು ಆಮೇಲೆ ಸೇರಿಕೊಳ್ಳುತ್ತಾರೋ ಅಲ್ಲಿ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಅವರ ಕಡೆ ಒಂದು ಬೀಟ್ ಮುಂಚೆ ಕಣ್ಣು ಹಾಯಿಸಿದರೆ ಸಾಕು, ಎಡಗೈ ಕೂಡ ಬೇಕಾಗಲ್ಲ. ಎಡಗೈ ಬಲಗೈಯನ್ನೇ ಕಾಪಿ ಹೊಡೆಯುತ್ತಿದ್ದರೆ ಕೆಲವು ದಿನ ಜೇಬಲ್ಲಿಟ್ಟು ಅಭ್ಯಾಸ ಮಾಡಿ. ನನಗೆ ಕೆಲಸಕ್ಕೆ ಬಂದ ಮದ್ದು ಅದೊಂದೇ.

ಇನ್ನು ರಿಹರ್ಸಲ್‌ನಲ್ಲಿ ಮಾತು ಕಡಿಮೆ ಮಾಡಿ. ಒಮ್ಮೆ ಫೋನ್‌ನಲ್ಲಿ ನನ್ನದೇ ರಿಹರ್ಸಲ್ ರೆಕಾರ್ಡ್ ಮಾಡಿ ಕೇಳಿದೆ, ಅರ್ಧಕ್ಕಿಂತ ಜಾಸ್ತಿ ನನ್ನ ಭಾಷಣ! ಈಗ ನಿಲ್ಲಿಸಿದಾಗ ಒಂದೇ ವಿಷಯ ಹೇಳ್ತೀನಿ: ಯಾರಿಗೆ, ಯಾವ ಬಾರ್ (ನೋಟ್ಸ್‌ನಲ್ಲಿ ಗೆರೆ ಹಾಕಿ ಬೇರ್ಪಡಿಸಿದ ತಾಳದ ಒಂದು ಆವರ್ತ), ಏನು. 'ಟ್ರಂಪೆಟ್, ಹದಿನೇಳನೇ ಬಾರ್, ಮೆಲ್ಲಗೆ.' ಅಷ್ಟು ಹೇಳಿ ಕೈ ಎತ್ತಿಬಿಡ್ತೀನಿ.

ನಾಳೆಯೇ ಶುರು ಮಾಡೋದಾದರೆ ಹಾಡು ಬೇಡ, ಬಿ ಫ್ಲಾಟ್ ಒಂದೇ ಸ್ವರ ಸಾಕು. ಎಣಿಸಬೇಡಿ, ಮಾತಾಡಬೇಡಿ, ಉಸಿರು ಮತ್ತು ಕೈಯಿಂದಲೇ ಹತ್ತು ಸಲ ಶುರು ಮಾಡಿಸಿ, ಪ್ರತಿ ಸಲವೂ ಬೇರೆ ವೇಗ, ಬೇರೆ ಜೋರು. ಐದನೇ ಸಲಕ್ಕೂ ಚದುರಿ ಬಂದರೆ ಮಕ್ಕಳನ್ನ ಬೈಯಬೇಡಿ, ನಿಮ್ಮ ಕೈಯ ವಿಡಿಯೋ ನೋಡಿ.